ವಿರ್ಶ್ ಬಳಸಿ ವರ್ಚುವಲ್ ಮಷೀನ್‌ಗಳನ್ನು ಟರ್ಮಿನಲ್‌ನಿಂದಲೇ ನಡೆಸುವುದು ಹೇಗೆ?

ಪ್ರಶ್ನೆ: ಲಿನಕ್ಸ್ ಸರ್ವರ್ ಒಂದರಲ್ಲಿ ಕೆವಿಎಂ (ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರ್‌ಗಳನ್ನು ಓಡಿಸುವ ಲಿನಕ್ಸ್ ವ್ಯವಸ್ಥೆ) ಮೇಲೆ ಏಳೆಂಟು ವರ್ಚುವಲ್ ಮಷೀನ್‌ಗಳಿವೆ. ಇಷ್ಟು ದಿನ ವಿರ್ಟ್-ಮ್ಯಾನೇಜರ್ ಕಿಟಕಿಯಲ್ಲೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದೆ. ಈಗ ಸರ್ವರ್‌ಗೆ ಮಾನಿಟರ್ ಇಲ್ಲ, ಎಸ್‌ಎಸ್‌ಎಚ್ ಮಾತ್ರ. ವಿರ್ಶ್ ಎಂಬ ಟರ್ಮಿನಲ್ ಕಮಾಂಡ್ ಬಳಸಲು ಹೋದರೆ ಪಟ್ಟಿ ಖಾಲಿ ತೋರಿಸುತ್ತದೆ. ಸುಡೊ ಹಾಕಿ ಶಟ್‌ಡೌನ್ ಕೊಟ್ಟರೆ ಕೆಲವು ಮಷೀನ್‌ಗಳು ಜಗ್ಗುವುದಿಲ್ಲ. ಮೆಮೊರಿ ಹೆಚ್ಚಿಸಿದರೆ ಸರ್ವರ್ ರೀಬೂಟ್ ಆದಮೇಲೆ ಹಳೆಯ ಲೆಕ್ಕಕ್ಕೇ ಬರುತ್ತದೆ. ಹೊಸ ಮಷೀನ್ ಬೇಕಾದಾಗಲೆಲ್ಲ ಐಎಸ್‌ಒ ಹಾಕಿ ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕು. ಇದಕ್ಕಿಂತ ಸಲೀಸಾದ ದಾರಿ ಇದೆಯೇ?

ಉತ್ತರ: ಇದೆ, ಅದಕ್ಕೆ ಬೇರೆ ಸಾಧನವೂ ಬೇಕಿಲ್ಲ. ನಿಮ್ಮ ತೊಂದರೆಗಳ ಬೇರು ಹೆಚ್ಚುಕಡಿಮೆ ಒಂದೇ ಕಡೆ ಇದೆ. ವಿರ್ಶ್ ತಾನಾಗಿ ಏನನ್ನೂ ನಡೆಸುವುದಿಲ್ಲ. ಹಿನ್ನೆಲೆಯಲ್ಲಿರುವ ಲಿಬ್‌ವಿರ್ಟ್ ಸೇವೆಗೆ ನಿಮ್ಮ ಮಾತು ಮುಟ್ಟಿಸುತ್ತದೆ, ಅಷ್ಟೆ. ಆ ಸೇವೆಗೆ ಎರಡು ಬಾಗಿಲು. ಪ್ರತಿ ಮಷೀನಿನ ವಿವರ ಅಲ್ಲಿ ಎರಡು ಪ್ರತಿಗಳಲ್ಲಿ ಇರುತ್ತದೆ. ಡಿಸ್ಕ್ ಕೂಡ ಒಂದರ ಮೇಲೊಂದು ಪದರವಾಗಿ ಕೂತಿರಬಹುದು. ಯಾವ ಬಾಗಿಲು, ಯಾವ ಪ್ರತಿ, ಯಾವ ಪದರ ಎಂಬುದನ್ನು ಕಿಟಕಿಯ ತಂತ್ರಾಂಶ ನಿಮ್ಮ ಪರವಾಗಿ ಆರಿಸಿಕೊಳ್ಳುತ್ತಿತ್ತು. ಟರ್ಮಿನಲ್‌ನಲ್ಲಿ ಅದನ್ನು ನೀವೇ ಹೇಳಬೇಕು. ಹೇಳದೇ ಇದ್ದಾಗ ವಿರ್ಶ್ ಊಹಿಸಿಕೊಳ್ಳುತ್ತದೆ, ನೀವು ಎದುರಿಸುತ್ತಿರುವ ಗೊಂದಲವೆಲ್ಲ ಹುಟ್ಟುವುದು ಆ ಊಹೆಯಲ್ಲೇ.

ಒಂದು ಸೂಚನೆ: ಕೆಳಗಿನ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ. ಮಷೀನಿನ ಹೆಸರು ಎಲ್ಲ ಕಡೆ ವೆಬ್1 ಎಂದಿಟ್ಟುಕೊಂಡಿದೆ.

ಮೊದಲು ಖಾಲಿ ಪಟ್ಟಿಯ ವಿಷಯ. ನಿಮ್ಮ ಮಷೀನ್‌ಗಳು ಎಲ್ಲೂ ಹೋಗಿಲ್ಲ. ಇದನ್ನು ಕೊಟ್ಟು ನೋಡಿ:

ವಿರ್ಶ್ ಯುಆರ್‌ಐ

ಸಾಮಾನ್ಯ ಬಳಕೆದಾರರಾಗಿ ಕೊಟ್ಟರೆ ಕ್ಯೂಎಮು:///ಸೆಷನ್ ಎಂದು ಬರುತ್ತದೆ. ಇದು ನಿಮ್ಮೊಬ್ಬರ ಖಾಸಗಿ ಬಾಗಿಲು. ವಿರ್ಟ್-ಮ್ಯಾನೇಜರ್ ಮಷೀನ್‌ಗಳನ್ನು ಮಾಡಿಟ್ಟದ್ದು ಕ್ಯೂಎಮು:///ಸಿಸ್ಟಮ್ ಎಂಬ ಇನ್ನೊಂದು ಬಾಗಿಲ ಆಚೆ. ಎರಡರ ಪಟ್ಟಿ ಬೇರೆ, ನೆಟ್‌ವರ್ಕ್ ಬೇರೆ, ಡಿಸ್ಕ್ ಇಡುವ ಜಾಗವೂ ಬೇರೆ. ಸೆಷನ್‌ನಲ್ಲಿ ಹುಟ್ಟಿದ ಮಷೀನ್‌ಗೆ ಮಾಮೂಲಿ ಸಿದ್ಧತೆಯಲ್ಲಿ ಹೊರಗಿನಿಂದ ಎಸ್‌ಎಸ್‌ಎಚ್ ಕೂಡ ಆಗುವುದಿಲ್ಲ, ಅದರ ನೆಟ್‌ವರ್ಕ್ ಒಳಗಿನಿಂದ ಹೊರಕ್ಕೆ ಮಾತ್ರ ಹರಿಯುತ್ತದೆ. ಆದ್ದರಿಂದ ಇಲ್ಲೇ ಒಂದು ಹೊಸ ಮಷೀನ್ ಮಾಡಿಬಿಡೋಣ ಎಂದು ಹೊರಡಬೇಡಿ.

ಪ್ರತಿ ಸಲ ಸುಡೊ ಹಾಕುವುದಕ್ಕಿಂತ ನಿಮ್ಮ ಖಾತೆಯನ್ನು ಲಿಬ್‌ವಿರ್ಟ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಮತ್ತೆ ಬರದಿದ್ದರೆ ಗುಂಪಿನ ಬದಲಾವಣೆ ಜಾರಿಯಾಗುವುದಿಲ್ಲ, ಪರ್ಮಿಷನ್ ಡಿನೈಡ್ ಎಂದೇ ಬರುತ್ತಿರುತ್ತದೆ. ಬಳಿಕ ಶೆಲ್‌ನ ಆರಂಭದ ಫೈಲಿನಲ್ಲಿ ಈ ಸಾಲು ಹಾಕಿ. ಇದರ ಹೆಸರಿನ ಭಾಗ ಮಾತ್ರ ಪೂರ್ತಿ ದೊಡ್ಡ ಅಕ್ಷರ:

ಎಕ್ಸ್‌ಪೋರ್ಟ್ ಲಿಬ್‌ವಿರ್ಟ್_ಡಿಫಾಲ್ಟ್_ಯುಆರ್‌ಐ=ಕ್ಯೂಎಮು:///ಸಿಸ್ಟಮ್

ಈಗ ವಿರ್ಶ್ ಲಿಸ್ಟ್ --ಆಲ್ ಕೊಟ್ಟರೆ ನಿಂತವೂ ಓಡುತ್ತಿರುವವೂ ಎಲ್ಲ ಕಾಣಬೇಕು. --ಆಲ್ ಇಲ್ಲದಿದ್ದರೆ ಓಡುತ್ತಿರುವವು ಮಾತ್ರ. ಈ ಗುಂಪಿಗೆ ಸೇರಿದವರಿಗೆ ಹೋಸ್ಟ್‌ನ (ಮಷೀನ್‌ಗಳು ಓಡುವ ಸರ್ವರ್‌ನ) ಯಾವ ಡಿಸ್ಕನ್ನಾದರೂ ಒಂದು ಮಷೀನಿಗೆ ಜೋಡಿಸಿ ಓದುವ ಅಧಿಕಾರ ಬರುತ್ತದೆ, ಅಂದರೆ ರೂಟ್ ಕೊಟ್ಟಷ್ಟೇ. ಸಿಕ್ಕವರನ್ನೆಲ್ಲ ಸೇರಿಸಬೇಡಿ.

ನಿಮ್ಮ ಲ್ಯಾಪ್‌ಟಾಪ್‌ನಿಂದಲೇ ಸರ್ವರ್ ನಡೆಸಬಹುದು. ಯುಆರ್‌ಐ ಜಾಗದಲ್ಲಿ ಕ್ಯೂಎಮು+ಎಸ್‌ಎಸ್‌ಎಚ್://ಬಳಕೆದಾರ@ಸರ್ವರ್/ಸಿಸ್ಟಮ್ ಎಂದಿರಲಿ. ಆಗ ಪ್ರತಿ ಕಮಾಂಡಿಗೂ ಹೊಸ ಎಸ್‌ಎಸ್‌ಎಚ್ ಸಂಪರ್ಕ ಆಗುವುದರಿಂದ ಸ್ವಲ್ಪ ತಡವಾಗುತ್ತದೆ. ಬರೀ ವಿರ್ಶ್ ಎಂದು ಹೊಡೆದು ಅದರ ಒಳಗಿನ ಪ್ರಾಂಪ್ಟ್‌ಗೆ ಹೋದರೆ ಒಂದೇ ಸಂಪರ್ಕದಲ್ಲಿ ಎಷ್ಟು ಕಮಾಂಡ್ ಬೇಕಾದರೂ ಕೊಡಬಹುದು. ಟ್ಯಾಬ್ ಒತ್ತಿದರೆ ಕಮಾಂಡಿನ ಹೆಸರನ್ನೂ ತುಂಬಿಕೊಡುತ್ತದೆ.

ಎರಡನೆಯದು ಮೆಮೊರಿ. ಓಡುತ್ತಿರುವ ಮಷೀನಿಗೆ ಒಂದು ಜೀವಂತ ವಿವರ ಇರುತ್ತದೆ, ಮುಂದಿನ ಸಲ ಶುರುವಾಗುವಾಗ ಓದಿಕೊಳ್ಳಲು ಡಿಸ್ಕಿನಲ್ಲಿ ಬರೆದಿಟ್ಟ ವಿವರ ಇನ್ನೊಂದು. ಬಹುತೇಕ ಕಮಾಂಡ್‌ಗಳಿಗೆ --ಲೈವ್ ಎಂದರೆ ಮೊದಲನೆಯದು, --ಕಾನ್ಫಿಗ್ ಎಂದರೆ ಎರಡನೆಯದು. ಏನೂ ಹೇಳದಿದ್ದರೆ ಸದ್ಯದ ಸ್ಥಿತಿಗೆ ತಾಗುತ್ತದೆ: ಮಷೀನ್ ಓಡುತ್ತಿದ್ದರೆ ಜೀವಂತ ವಿವರ ಮಾತ್ರ ಬದಲಾಗುತ್ತದೆ. ನೀವು ಹೆಚ್ಚಿಸಿದ ಮೆಮೊರಿ ಹೋದದ್ದು ಹೀಗೆಯೇ. ಬರೆದಿಟ್ಟ ಪ್ರತಿಯಲ್ಲಿ ಹಳೆಯ ಸಂಖ್ಯೆಯೇ ಉಳಿದಿತ್ತು, ಸರ್ವರ್ ಎದ್ದಾಗ ಅದನ್ನೇ ಓದಿತು.

ಸರಿಯಾದ ಕ್ರಮ ಹೀಗಿದೆ:

ವಿರ್ಶ್ ಸೆಟ್‌ಮ್ಯಾಕ್ಸ್‌ಮೆಮ್ ವೆಬ್1 8ಜಿ --ಕಾನ್ಫಿಗ್
ವಿರ್ಶ್ ಸೆಟ್‌ಮೆಮ್ ವೆಬ್1 8ಜಿ --ಕಾನ್ಫಿಗ್

ಆಮೇಲೆ ಮಷೀನನ್ನು ಪೂರ್ತಿ ಆರಿಸಿ ಮತ್ತೆ ಸ್ಟಾರ್ಟ್ ಮಾಡಿ. ಒಳಗಿನಿಂದ ರೀಬೂಟ್ ಕೊಟ್ಟರೆ ಸಾಲದು. ರೀಬೂಟ್‌ನಲ್ಲಿ ಹೋಸ್ಟ್ ಮೇಲಿನ ಕ್ಯೂಎಮು ಪ್ರಕ್ರಿಯೆ (ಮಷೀನನ್ನು ಓಡಿಸುವ ಪ್ರೋಗ್ರಾಂ) ಸಾಯುವುದೇ ಇಲ್ಲ, ಬರೆದಿಟ್ಟ ಪ್ರತಿಯನ್ನು ಯಾರೂ ಮತ್ತೆ ಓದುವುದೂ ಇಲ್ಲ. ಬದಲಾಯಿಸಿದೆ, ರೀಬೂಟ್ ಮಾಡಿದೆ, ಆದರೂ ಆಗಲಿಲ್ಲ ಎನ್ನುವ ದೂರುಗಳಲ್ಲಿ ಹೆಚ್ಚಿನವು ಈ ಒಂದು ವಿಷಯಕ್ಕೆ ಬಂದು ನಿಲ್ಲುತ್ತವೆ.

ಇಲ್ಲಿ ಏಕಮಾನದ ಬಲೆಯೊಂದಿದೆ, ದಯವಿಟ್ಟು ಗಮನವಿಟ್ಟು ಓದಿ. ಸೆಟ್‌ಮೆಮ್‌ಗೆ ಬರೀ ಸಂಖ್ಯೆ ಕೊಟ್ಟರೆ ಅದನ್ನು ಕಿಬಿಬೈಟ್ ಎಂದು ಓದಿಕೊಳ್ಳುತ್ತದೆ. 4096 ಎಂದು ಕೊಟ್ಟರೆ 4 ಗಿಬಿಬೈಟ್ ಅಲ್ಲ, 4 ಮೆಬಿಬೈಟ್. ಓಡುತ್ತಿರುವ ಮಷೀನಿಗೆ ಹೀಗೆ ಕೊಟ್ಟರೆ ಒಳಗಿರುವ ಬಲೂನ್ ಡ್ರೈವರ್ ಉಬ್ಬಿ ಮೆಮೊರಿಯನ್ನು ಹಿಂಡತೊಡಗುತ್ತದೆ. ಕರ್ನಲ್ ಒಂದೊಂದೇ ಪ್ರೋಗ್ರಾಂ ಕೊಲ್ಲುತ್ತದೆ, ಕೊನೆಗೆ ಎಸ್‌ಎಸ್‌ಎಚ್ ಕೂಡ ಉತ್ತರಿಸುವುದಿಲ್ಲ. ತಕ್ಷಣ ಅದೇ ಕಮಾಂಡನ್ನು 4ಜಿ --ಲೈವ್ ಎಂದು ಕೊಟ್ಟರೆ ಮಷೀನ್ ಉಳಿಯುವ ಸಾಧ್ಯತೆ ಇದೆ. ಇದೇ ಬಳಗದ ವಿರ್ಟ್-ಇನ್‌ಸ್ಟಾಲ್‌ನಲ್ಲಿ --ಮೆಮೊರಿ 4096 ಎಂದರೆ ಮೆಬಿಬೈಟ್ ಲೆಕ್ಕ, ಅಲ್ಲಿ ಅದು ಸರಿ. ಒಂದರ ಅಭ್ಯಾಸ ಇನ್ನೊಂದರಲ್ಲಿ ಕೈಕೊಡುತ್ತದೆ. ವಿರ್ಶ್‌ನಲ್ಲಿ ಸಂಖ್ಯೆಯ ಕೊನೆಗೆ ಜಿ ಅಥವಾ ಎಂ ಇಲ್ಲದೆ ಎಂಟರ್ ಒತ್ತಲೇಬಾರದು.

--ಲೈವ್‌ನಲ್ಲಿ ಮೆಮೊರಿಯನ್ನು ಶುರುವಿನ ಗರಿಷ್ಠ ಮಿತಿಯವರೆಗೆ ಮಾತ್ರ ಏರಿಸಬಹುದು. ಪ್ರೊಸೆಸರ್‌ಗಳಿಗೂ ಇದೇ ನಿಯಮ. ಮೊದಲು ಸೆಟ್‌ವಿಸಿಪಿಯುಸ್ ವೆಬ್1 8 --ಮ್ಯಾಕ್ಸಿಮಮ್ --ಕಾನ್ಫಿಗ್ ಎಂದು ಮಿತಿ ಏರಿಸಿಟ್ಟರೆ, ಮುಂದೆ ಮಷೀನ್ ಓಡುತ್ತಿರುವಾಗಲೇ 2ರಿಂದ 4ಕ್ಕೆ ಏರಿಸಬಹುದು. ಆದ್ದರಿಂದ ಮಿತಿಯನ್ನು ಸ್ವಲ್ಪ ದೊಡ್ಡದಾಗಿಯೇ ಇಟ್ಟು, ಬಳಕೆಯನ್ನು ಚಿಕ್ಕದಾಗಿ ಇಡುವುದು ಒಳ್ಳೆಯದು.

ಬರೆದಿಟ್ಟ ಪ್ರತಿ ನೋಡಲು ವಿರ್ಶ್ ಡಂಪ್‌ಎಕ್ಸ್‌ಎಂಎಲ್ ವೆಬ್1 --ಇನ್ಆ್ಯಕ್ಟಿವ್, ಜೀವಂತ ಪ್ರತಿಗೆ ಆ ಕೊನೆಯ ಪದ ಬೇಡ. ತಿದ್ದಲು ವಿರ್ಶ್ ಎಡಿಟ್ ವೆಬ್1 ಬಳಸಿ. /ಇಟಿಸಿ/ಲಿಬ್‌ವಿರ್ಟ್/ಕ್ಯೂಎಮು ಒಳಗಿನ ಎಕ್ಸ್‌ಎಂಎಲ್ ಫೈಲುಗಳನ್ನು ನೇರವಾಗಿ ತಿದ್ದಬೇಡಿ. ಸೇವೆಯ ಗಮನಕ್ಕೆ ಅದು ಬರುವುದಿಲ್ಲ, ಮುಂದಿನ ಬದಲಾವಣೆಯಲ್ಲಿ ನಿಮ್ಮ ತಿದ್ದುಪಡಿಯ ಮೇಲೆಯೇ ಬರೆದುಬಿಡುತ್ತದೆ. ಈಗಿರುವ ಎಲ್ಲ ಮಷೀನ್‌ಗಳ --ಇನ್ಆ್ಯಕ್ಟಿವ್ ಪ್ರತಿಯನ್ನು ಇಂದೇ ತೆಗೆದು ಬೇರೆ ಕಡೆ ಇಡಿ. ಡಿಸ್ಕ್ ಫೈಲ್ ಉಳಿದು ವಿವರ ಕಳೆದರೂ ವಿರ್ಶ್ ಡಿಫೈನ್ ಫೈಲ್‌ಹೆಸರು ಎಂದರೆ ಮಷೀನ್ ಮತ್ತೆ ಪಟ್ಟಿಗೆ ಬರುತ್ತದೆ.

ಇನ್ನು ಶಟ್‌ಡೌನ್‌ಗೆ ಜಗ್ಗದ ಮಷೀನ್‌ಗಳು. ವಿರ್ಶ್ ಶಟ್‌ಡೌನ್ ಎಂದರೆ ಪವರ್ ಬಟನ್ ಒತ್ತಿದ ಸಂಕೇತ ಕಳಿಸುವುದಷ್ಟೆ. ಅದನ್ನು ಕೇಳಿಸಿಕೊಳ್ಳುವ ಪ್ರೋಗ್ರಾಂ ಒಳಗೆ ಇಲ್ಲದಿದ್ದರೆ ಏನೂ ಆಗದು. ಡೆಸ್ಕ್‌ಟಾಪ್ ಇರುವ ಮಷೀನ್‌ಗಳು ಒಮ್ಮೊಮ್ಮೆ ಆರಿಸಲೇ ಎಂದು ಪರದೆಯ ಮೇಲೆ ಕೇಳಿ ಕಾಯುತ್ತಿರುತ್ತವೆ, ನೋಡುವವರೇ ಅಲ್ಲಿ ಇರುವುದಿಲ್ಲ. ಪರಿಹಾರ ಎಂದರೆ ಪ್ರತಿ ಮಷೀನಿನ ಒಳಗೂ ಕ್ಯೂಎಮು-ಗೆಸ್ಟ್-ಏಜೆಂಟ್ ಪ್ಯಾಕೇಜ್ ಹಾಕಿ, ಹೀಗೆ ಕೊಡುವುದು:

ವಿರ್ಶ್ ಶಟ್‌ಡೌನ್ ವೆಬ್1 --ಮೋಡ್ ಏಜೆಂಟ್

ಪ್ಯಾಕೇಜ್ ಹಾಕಿದರೂ ಏಜೆಂಟ್ ಕಾನ್ಫಿಗರ್ ಆಗಿಲ್ಲ ಎಂದು ಬಂದರೆ ಮಷೀನಿನ ವಿವರದಲ್ಲಿ ಅದರ ಚಾನೆಲ್ ಇಲ್ಲ ಎಂದರ್ಥ. ಎಡಿಟ್‌ನಲ್ಲಿ ಓಆರ್‌ಜಿ.ಕ್ಯೂಎಮು.ಗೆಸ್ಟ್_ಏಜೆಂಟ್.0 ಎಂಬ ಹೆಸರಿನ ವಿರ್ಟಿಯೊ (ವರ್ಚುವಲ್ ಮಷೀನ್‌ಗೆಂದೇ ಮಾಡಿದ ಸಾಧನ) ಚಾನೆಲ್ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ, ಆರಿಸಿ, ಮತ್ತೆ ಶುರು ಮಾಡಿ. ಏಜೆಂಟ್ ಮಾತಾಡುತ್ತಿದೆಯೇ ಎಂದು ತಿಳಿಯಲು ವಿರ್ಶ್ ಗೆಸ್ಟ್‌ಇನ್ಫೊ ವೆಬ್1 ಸಾಕು. ಉತ್ತರ ಬಂದರೆ ಎಲ್ಲ ಸರಿಯಿದೆ.

ಸ್ಕ್ರಿಪ್ಟ್ ಬರೆಯುವವರು ಎಡವುವ ಜಾಗವೂ ಇಲ್ಲೇ ಇದೆ. ಶಟ್‌ಡೌನ್ ಕಮಾಂಡ್ ಸಂಕೇತ ಕಳಿಸಿದ ಕೂಡಲೇ ಮುಗಿಯುತ್ತದೆ, ಮಷೀನ್ ಆರುವವರೆಗೆ ಕಾಯುವುದಿಲ್ಲ. ಮುಂದಿನ ಸಾಲಿನಲ್ಲೇ ಡಿಸ್ಕ್ ನಕಲು ಮಾಡಿದರೆ ಇನ್ನೂ ಬರೆಯುತ್ತಿರುವ ಡಿಸ್ಕಿನ ನಕಲು ಸಿಗುತ್ತದೆ. ವಿರ್ಶ್ ಡಾಮ್‌ಸ್ಟೇಟ್ ವೆಬ್1 ಎಂಬುದು ಶಟ್ ಆಫ್ ಎನ್ನುವವರೆಗೆ ಎರಡು ಸೆಕೆಂಡಿಗೊಮ್ಮೆ ಕೇಳುತ್ತಾ ಕಾಯಿರಿ. ಎರಡು ನಿಮಿಷ ದಾಟಿದರೆ ಕೈಬಿಟ್ಟು ತಿಳಿಸುವಂತೆ ಒಂದು ಮಿತಿಯನ್ನೂ ಇಡಿ.

ಡಿಸ್ಟ್ರಾಯ್ ಎಂಬ ಕಮಾಂಡಿನ ಹೆಸರು ಕೇಳಿ ಅನೇಕರು ಹೆದರುತ್ತಾರೆ. ಅದು ಪ್ಲಗ್ ಕಿತ್ತಂತೆ ಮಷೀನನ್ನು ನಿಲ್ಲಿಸುತ್ತದೆಯೇ ಹೊರತು ಡಿಸ್ಕ್ ಅಳಿಸುವುದಿಲ್ಲ. ಹೆದರಬೇಕಾದದ್ದು ಅನ್‌ಡಿಫೈನ್‌ಗೆ --ರಿಮೂವ್-ಆಲ್-ಸ್ಟೋರೇಜ್ ಸೇರಿದಾಗ. ಅದಕ್ಕೆ ಮುಂಚೆ ಯಾವ ಯಾವ ಡಿಸ್ಕ್ ಜೋಡಣೆಯಲ್ಲಿದೆ ಎಂದು ನೋಡಲೇಬೇಕು:

ವಿರ್ಶ್ ಡಾಮ್‌ಬಿಎಲ್‌ಕೆಲಿಸ್ಟ್ ವೆಬ್1

ಪಟ್ಟಿಯಲ್ಲಿ ಬೇರೆ ಮಷೀನಿನೊಂದಿಗೆ ಹಂಚಿಕೊಂಡ ಡಿಸ್ಕ್ ಅಥವಾ ಇನ್ನೂ ಬೇಕಾದ ಐಎಸ್‌ಒ ಕಂಡರೆ ಮೊದಲು ಅದನ್ನು ಬಿಡಿಸಿ, ಇಲ್ಲವೇ --ಸ್ಟೋರೇಜ್ ವಿಡಿಎ ಎಂದು ಒಂದನ್ನೇ ಹೆಸರಿಸಿ. ಯುಇಎಫ್‌ಐನಲ್ಲಿ (ಹಳೆಯ ಬಯೋಸ್ ಬದಲಿಗೆ ಬಂದ ಬೂಟ್ ವ್ಯವಸ್ಥೆ) ಬೂಟ್ ಆಗುವ ಮಷೀನಿಗೆ --ಎನ್‌ವಿರ್ಯಾಮ್ ಕೂಡ ಬೇಕು, ಇಲ್ಲದಿದ್ದರೆ ಅನ್‌ಡಿಫೈನ್ ನಿರಾಕರಿಸುತ್ತದೆ.

ಈಗ ಹೊಸ ಮಷೀನ್. ನಿಮ್ಮ ಸಮಯ ಅತಿ ಹೆಚ್ಚು ಉಳಿಯುವುದು ಇಲ್ಲೇ. ಐಎಸ್‌ಒ ದಾರಿಯನ್ನು ಬಿಟ್ಟುಬಿಡಿ. ಡೆಬಿಯನ್, ಉಬುಂಟು, ಫೆಡೋರಾ ಮುಂತಾದವು ಈಗಾಗಲೇ ಇನ್‌ಸ್ಟಾಲ್ ಆಗಿರುವ ಕ್ಲೌಡ್ ಇಮೇಜ್‌ಗಳನ್ನು ಕ್ಯೂಕೌ2 ಎಂಬ ಡಿಸ್ಕ್ ಫೈಲ್ ರೂಪದಲ್ಲಿ ಕೊಡುತ್ತವೆ. ಅಂಥದೊಂದನ್ನು ಇಳಿಸಿ /ವಾರ್/ಲಿಬ್/ಲಿಬ್‌ವಿರ್ಟ್/ಇಮೇಜಸ್ ಒಳಗೆ ಇಡಿ. ಅದೇ ಮೂಲ. ಪ್ರತಿ ಹೊಸ ಮಷೀನೂ ಆ ಮೂಲದ ಮೇಲೆ ಒಂದು ತೆಳು ಪದರವಾಗಿ ಹುಟ್ಟುತ್ತದೆ: ಓದುವಾಗ ಬದಲಾಗದ ಭಾಗ ಮೂಲದಿಂದ ಬರುತ್ತದೆ, ಬರೆದದ್ದೆಲ್ಲ ಪದರಕ್ಕೆ ಹೋಗುತ್ತದೆ. ಹುಟ್ಟುವಾಗ ಆ ಪದರ ಒಂದು ಮೆಗಾಬೈಟ್ ಕೂಡ ಇರುವುದಿಲ್ಲ, ತಯಾರಾಗಲು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ಸಾಕು.

ಮಷೀನಿನ ಹೆಸರು, ಎಸ್‌ಎಸ್‌ಎಚ್ ಕೀ, ಬೇಕಾದ ಪ್ಯಾಕೇಜ್ ಇವನ್ನು ಮೊದಲ ಬೂಟ್‌ನಲ್ಲಿ ಹಾಕಿಕೊಡುವುದು ಕ್ಲೌಡ್-ಇನಿಟ್. ಅದಕ್ಕೆ ವೆಬ್1.ಯಾಮಲ್ ಎಂಬ ಸಣ್ಣ ಫೈಲ್ ಬೇಕು. ಅದರ ಮೊದಲ ಸಾಲು #ಕ್ಲೌಡ್-ಕಾನ್ಫಿಗ್ ಎಂದೇ ಇರಬೇಕು, ಹ್ಯಾಶ್ ಮತ್ತು ಪದದ ನಡುವೆ ಜಾಗ ಬಿಡಬಾರದು. ನೋಡಲು ಟಿಪ್ಪಣಿಯಂತೆ ಕಾಣುವ ಈ ಸಾಲನ್ನು ಬೇಡವೆಂದು ಅಳಿಸುವವರಿದ್ದಾರೆ. ಅಳಿಸಿದರೆ ಇಡೀ ಫೈಲನ್ನೇ ಅದು ಕಡೆಗಣಿಸುತ್ತದೆ. ಮಷೀನ್ ಎದ್ದರೂ ಒಳಗೆ ಹೋಗಲು ಕೀ ಇಲ್ಲ, ಪಾಸ್‌ವರ್ಡೂ ಇಲ್ಲ. ಕೆಳಗೆ ಹೋಸ್ಟ್‌ನೇಮ್, ಎಸ್‌ಎಸ್‌ಎಚ್_ಆಥರೈಜ್ಡ್_ಕೀಸ್ ಅಡಿ ನಿಮ್ಮ ಪಬ್ಲಿಕ್ ಕೀ, ಪ್ಯಾಕೇಜಸ್ ಅಡಿ ಕ್ಯೂಎಮು-ಗೆಸ್ಟ್-ಏಜೆಂಟ್. ಸಾಲುಗಳ ಒಳಸರಿತಕ್ಕೆ ಸ್ಪೇಸ್ ಮಾತ್ರ ಬಳಸಿ, ಟ್ಯಾಬ್ ಬೇಡ. ಆಮೇಲೆ ಒಂದೇ ಕಮಾಂಡ್, ಒಂದೇ ಸಾಲಿನಲ್ಲಿ:

ವಿರ್ಟ್-ಇನ್‌ಸ್ಟಾಲ್ --ನೇಮ್ ವೆಬ್1 --ಮೆಮೊರಿ 2048 --ವಿಸಿಪಿಯುಸ್ 2 --ಇಂಪೋರ್ಟ್ --ಓಎಸ್-ವೇರಿಯಂಟ್ ಡೆಬಿಯನ್12 --ಡಿಸ್ಕ್ ಸೈಜ್=20,ಬ್ಯಾಕಿಂಗ್_ಸ್ಟೋರ್=/ವಾರ್/ಲಿಬ್/ಲಿಬ್‌ವಿರ್ಟ್/ಇಮೇಜಸ್/ಡೆಬಿಯನ್12.ಕ್ಯೂಕೌ2 --ನೆಟ್‌ವರ್ಕ್ ನೆಟ್‌ವರ್ಕ್=ಡಿಫಾಲ್ಟ್ --ಕ್ಲೌಡ್-ಇನಿಟ್ ಯೂಸರ್-ಡೇಟಾ=ವೆಬ್1.ಯಾಮಲ್ --ಗ್ರಾಫಿಕ್ಸ್ ನನ್ --ನೋಆಟೊಕನ್ಸೋಲ್

ಸೈಜ್=20 ಎಂದರೆ 20 ಗಿಬಿಬೈಟ್. ಮೂಲ ಇಮೇಜ್ ಚಿಕ್ಕದಿದ್ದರೂ ಕ್ಲೌಡ್-ಇನಿಟ್ ಮೊದಲ ಬೂಟ್‌ನಲ್ಲಿ ಪಾರ್ಟಿಷನ್ನನ್ನೂ ಫೈಲ್‌ಸಿಸ್ಟಮ್ಮನ್ನೂ ಹಿಗ್ಗಿಸಿಕೊಳ್ಳುತ್ತದೆ. --ಕ್ಲೌಡ್-ಇನಿಟ್ ಆಯ್ಕೆ ವಿರ್ಟ್-ಇನ್‌ಸ್ಟಾಲ್‌ಗೆ ಬಂದದ್ದು 2020ರ 3.0 ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯದಿದ್ದರೆ ಕ್ಲೌಡ್-ಲೋಕಲ್‌ಡಿಎಸ್ ಎಂಬ ಸಾಧನದಿಂದ ಬೀಜದ ಐಎಸ್‌ಒ ಮಾಡಿ ಎರಡನೇ ಡಿಸ್ಕಾಗಿ ಕೊಡಬೇಕು.

--ಓಎಸ್-ವೇರಿಯಂಟ್ ಅನ್ನು ಔಪಚಾರಿಕತೆ ಎಂದುಕೊಳ್ಳಬೇಡಿ. ಡಿಸ್ಕ್ ಮತ್ತು ನೆಟ್‌ವರ್ಕ್ ಕಾರ್ಡಿಗೆ ವೇಗದ ವಿರ್ಟಿಯೊ ಬಳಸಬೇಕೋ ಹಳೆಯ ಯಂತ್ರಾಂಶದ ಅನುಕರಣೆ ಬಳಸಬೇಕೋ ಎಂದು ತೀರ್ಮಾನವಾಗುವುದು ಇದರಿಂದಲೇ. ಕೆಲಸ ನಡೆಯುತ್ತದೆ ಆದರೆ ಡಿಸ್ಕ್ ಬಹಳ ನಿಧಾನ ಎನ್ನುವ ಮಷೀನಿನಲ್ಲಿ ಡಿಸ್ಕಿನ ಹೆಸರು ವಿಡಿಎ ಬದಲು ಎಚ್‌ಡಿಎ ಅಥವಾ ಎಸ್‌ಡಿಎ ಎಂದಿದ್ದರೆ ಮೊದಲ ಅನುಮಾನ ಇಲ್ಲಿಗೇ ಹೋಗಲಿ. ಲಭ್ಯ ಹೆಸರುಗಳು ವಿರ್ಟ್-ಇನ್‌ಸ್ಟಾಲ್ --ಓಎಸ್‌ಇನ್ಫೊ ಲಿಸ್ಟ್ ಎಂದರೆ ಸಿಗುತ್ತವೆ. ನಿಮ್ಮದು ಅದರಲ್ಲಿ ಇಲ್ಲದಷ್ಟು ಹೊಸದಾಗಿದ್ದರೆ ಹಿಂದಿನ ಆವೃತ್ತಿಯ ಹೆಸರು ಕೊಟ್ಟರೆ ಸಾಕು.

ಇಮೇಜ್‌ಗಳನ್ನು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಬೇಡಿ. ಸಿಸ್ಟಮ್ ಬಾಗಿಲಿನ ಮಷೀನ್‌ಗಳು ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತವೆ, ಆತನಿಗೆ ನಿಮ್ಮ ಹೋಮ್ ದಾಟಿ ಹೋಗಲು ಅನುಮತಿ ಇರುವುದಿಲ್ಲ. ಫೈಲಿಗೆ ಎಷ್ಟೇ ಅನುಮತಿ ಕೊಟ್ಟರೂ ಮೇಲಿನ ಫೋಲ್ಡರ್ ತಡೆಯುತ್ತದೆ, ಪರ್ಮಿಷನ್ ಡಿನೈಡ್ ಬರುತ್ತಲೇ ಇರುತ್ತದೆ.

ಮೂಲ ಇಮೇಜ್ ಒಮ್ಮೆ ಬಳಕೆಗೆ ಬಂದ ಮೇಲೆ ಅದಕ್ಕೆ ಏನನ್ನೂ ಬರೆಯಬಾರದು. ಅದನ್ನೇ ಬೂಟ್ ಮಾಡಿ ಅಪ್‌ಡೇಟ್ ಮಾಡಿದರೆ ಮೇಲಿರುವ ಪ್ರತಿ ಪದರವೂ ಕೆಡುತ್ತದೆ. ಕೆಡುವಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ, ದಿನಗಳ ನಂತರ ಫೈಲ್‌ಸಿಸ್ಟಮ್ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಹೊಸ ಮೂಲ ಬೇಕಾದರೆ ಹೆಸರಿನಲ್ಲಿ ದಿನಾಂಕ ಸೇರಿಸಿ ಬೇರೆ ಫೈಲಾಗಿ ಇಳಿಸಿ. ಹಳೆಯದರ ಮೇಲೆ ಯಾವ ಪದರವೂ ಇಲ್ಲ ಎಂದು ಖಚಿತವಾದ ಮೇಲಷ್ಟೇ ಅದನ್ನು ತೆಗೆಯಿರಿ. ಯಾವುದರ ಕೆಳಗೆ ಯಾವುದಿದೆ ಎಂದು ತಿಳಿಯಲು:

ಕ್ಯೂಎಮು-ಐಎಂಜಿ ಇನ್ಫೊ -ಯು --ಬ್ಯಾಕಿಂಗ್-ಚೈನ್ ವೆಬ್1.ಕ್ಯೂಕೌ2

ಇದರಲ್ಲಿ -ಯು ದೊಡ್ಡಕ್ಷರ. ಓಡುತ್ತಿರುವ ಮಷೀನಿನ ಡಿಸ್ಕಿಗೆ ಬೀಗ ಬಿದ್ದಿರುತ್ತದೆ, ಅದನ್ನು ಓದಲು ಮಾತ್ರ ತೆರೆಯಲು ಈ ಆಯ್ಕೆ. ಓಡುತ್ತಿರುವ ಡಿಸ್ಕಿನ ಮೇಲೆ ಕ್ಯೂಎಮು-ಐಎಂಜಿಯಿಂದ ರಿಸೈಜ್, ಕಮಿಟ್‌ನಂಥ ಬರೆಯುವ ಕೆಲಸ ಎಂದೂ ಮಾಡಬೇಡಿ.

ಮಷೀನ್ ಎದ್ದ ಮೇಲೆ ಅದರ ಐಪಿ ಹುಡುಕಬೇಕಲ್ಲ. ವಿರ್ಶ್ ಡಾಮ್‌ಐಎಫ್‌ಎಡಿಡಿಆರ್ ವೆಬ್1 ಎಂದರೆ ಲಿಬ್‌ವಿರ್ಟ್‌ನ ಸ್ವಂತ ನೆಟ್‌ವರ್ಕ್ ಕೊಟ್ಟ ವಿಳಾಸ ಬರುತ್ತದೆ, ಮಾಮೂಲಿಯಾಗಿ 192.168.122ರಿಂದ ಶುರುವಾಗುವಂಥದು. ಬ್ರಿಡ್ಜ್ ಮೂಲಕ ಹೊರಗಿನ ನೆಟ್‌ವರ್ಕಿಗೆ ಸೇರಿದ ಮಷೀನಿಗೆ ಈ ಉತ್ತರ ಖಾಲಿ, ಏಕೆಂದರೆ ವಿಳಾಸ ಕೊಟ್ಟದ್ದು ಲಿಬ್‌ವಿರ್ಟ್ ಅಲ್ಲ. ಅಲ್ಲಿ --ಸೋರ್ಸ್ ಏಜೆಂಟ್ ಸೇರಿಸಿ, ಮಷೀನನ್ನೇ ಕೇಳಿದಂತಾಗುತ್ತದೆ.

ಆದರೆ ಪ್ರತಿ ಸಲ ಐಪಿ ಹುಡುಕುವುದೇ ಬೇಡ ಎನ್ನುವುದು ನನ್ನ ಸಲಹೆ. ಡೆಬಿಯನ್, ಉಬುಂಟುಗಳಲ್ಲಿ ಲಿಬ್‌ಎನ್‌ಎಸ್‌ಎಸ್-ಲಿಬ್‌ವಿರ್ಟ್, ಫೆಡೋರಾದಲ್ಲಿ ಲಿಬ್‌ವಿರ್ಟ್-ಎನ್‌ಎಸ್‌ಎಸ್ ಎಂಬ ಪ್ಯಾಕೇಜ್ ಹೋಸ್ಟ್‌ನಲ್ಲಿ ಹಾಕಿ. /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್‌ನ ಹೋಸ್ಟ್ಸ್ ಸಾಲಿನಲ್ಲಿ ಫೈಲ್ಸ್ ಆದಮೇಲೆ, ಡಿಎನ್‌ಎಸ್‌ಗೆ ಮುಂಚೆ ಲಿಬ್‌ವಿರ್ಟ್ ಲಿಬ್‌ವಿರ್ಟ್_ಗೆಸ್ಟ್ ಎಂದು ಸೇರಿಸಿ. ಆಮೇಲೆ ಸರ್ವರ್‌ನಲ್ಲಿ ಕೂತು ಎಸ್‌ಎಸ್‌ಎಚ್ ಡೆಬಿಯನ್@ವೆಬ್1 ಎಂದರೆ ಸಾಕು, ಮಷೀನಿನ ಹೆಸರೇ ವಿಳಾಸ. ಇಷ್ಟು ಚಿಕ್ಕ ಬದಲಾವಣೆ ದಿನನಿತ್ಯ ಇಷ್ಟು ಅನುಕೂಲ ಮಾಡಿಕೊಡುವುದು ಅಪರೂಪ. ಲಿಬ್‌ವಿರ್ಟ್ ತಾನೇ ವಿಳಾಸ ಕೊಡುವ ನೆಟ್‌ವರ್ಕ್‌ಗಳಿಗಷ್ಟೇ ಇದು ಅನ್ವಯ.

ನೆಟ್‌ವರ್ಕೇ ಕೆಟ್ಟಾಗ ವಿರ್ಶ್ ಕನ್ಸೋಲ್ ವೆಬ್1 ನೆರವಿಗೆ ಬರುತ್ತದೆ. ಪರದೆ ಖಾಲಿ ಕಂಡರೆ ಒಮ್ಮೆ ಎಂಟರ್ ಒತ್ತಿ. ಆಗಲೂ ಖಾಲಿಯಾದರೆ ಆ ಮಷೀನಿನ ಸೀರಿಯಲ್ ಪೋರ್ಟ್‌ನಲ್ಲಿ ಲಾಗಿನ್ ಕೇಳುವ ಸೇವೆ ಇಲ್ಲ. ಐಎಸ್‌ಒದಿಂದ ಹಾಕಿದ ನಿಮ್ಮ ಹಳೆಯ ಮಷೀನ್‌ಗಳಲ್ಲಿ ಇದು ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ನೆಟ್‌ವರ್ಕ್ ಚೆನ್ನಾಗಿರುವಾಗಲೇ ಒಳಹೊಕ್ಕು ಸಿಸ್ಟಮ್‌ಸಿಟಿಎಲ್‌ನಿಂದ ಸೀರಿಯಲ್-ಗೆಟಿ@ಟಿಟಿವೈಎಸ್0 ಸೇವೆಯನ್ನು ಎನೇಬಲ್ ಮಾಡಿಡಿ, ಇದರಲ್ಲಿ ಎಸ್ ಮಾತ್ರ ದೊಡ್ಡಕ್ಷರ. ಕನ್ಸೋಲ್‌ನಿಂದ ಹೊರಬರಲು ಕಂಟ್ರೋಲ್ ಜೊತೆ ಬಲ ಚೌಕ ಆವರಣದ ಕೀ.

ಇರುವ ಮಷೀನನ್ನೇ ವಿರ್ಟ್-ಕ್ಲೋನ್‌ನಿಂದ ನಕಲು ಮಾಡುವ ದಾರಿಯೂ ಉಂಟು. ಆದರೆ ನಕಲಿನ ಒಳಗೆ ಅದೇ ಮಷೀನ್-ಐಡಿ, ಅದೇ ಎಸ್‌ಎಸ್‌ಎಚ್ ಹೋಸ್ಟ್ ಕೀಗಳು ಉಳಿಯುತ್ತವೆ. ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವ ಮಷೀನ್‌ಗಳು ಐಪಿ ಹಂಚುವ ಡಿಎಚ್‌ಸಿಪಿಗೆ ತಮ್ಮ ಗುರುತನ್ನು ಮಷೀನ್-ಐಡಿಯಿಂದ ಮಾಡಿಕೊಳ್ಳುವುದರಿಂದ, ಎಂಎಸಿ ವಿಳಾಸ ಬೇರೆಯಾಗಿದ್ದರೂ ಎರಡಕ್ಕೂ ಒಂದೇ ಐಪಿ ಸಿಕ್ಕಿ ಜಗಳವಾಗುತ್ತದೆ. ನಕಲನ್ನು ಶುರು ಮಾಡುವ ಮುಂಚೆ ಅದರ ಮೇಲೆ ಈ ಗುರುತುಗಳನ್ನು ಅಳಿಸುವ ವಿರ್ಟ್-ಸಿಸ್‌ಪ್ರೆಪ್ ಓಡಿಸಿ, ಆರಿರುವ ಮಷೀನಿನ ಮೇಲೆ ಮಾತ್ರ.

ಡಿಸ್ಕ್ ದೊಡ್ಡದು ಮಾಡಲು ಓಡುತ್ತಿರುವಾಗಲೇ ವಿರ್ಶ್ ಬ್ಲಾಕ್‌ರಿಸೈಜ್ ವೆಬ್1 ವಿಡಿಎ 40ಜಿ ಕೊಡಬಹುದು. ಇಲ್ಲಿಯೂ ಜಿ ಮರೆತರೆ ಕಿಬಿಬೈಟ್ ಲೆಕ್ಕ, ಮತ್ತು ಈಗಿರುವುದಕ್ಕಿಂತ ಚಿಕ್ಕ ಅಳತೆ ಕೊಟ್ಟರೆ ಒಳಗಿನ ಮಾಹಿತಿ ನಾಶವಾಗಬಹುದು. ಬಳಿಕ ಪಾರ್ಟಿಷನ್ ಹಿಗ್ಗಿಸಲು ಮಷೀನಿನ ಒಳಗೆ ಗ್ರೋಪಾರ್ಟ್ /ಡೆವ್/ವಿಡಿಎ 1, ಡಿಸ್ಕಿನ ಹೆಸರಿಗೂ 1ಕ್ಕೂ ನಡುವೆ ಜಾಗ ಇರಲಿ. ಆಮೇಲೆ ಫೈಲ್‌ಸಿಸ್ಟಮ್ ಹಿಗ್ಗಿಸಲು ಇಎಕ್ಸ್‌ಟಿ4 ಆದರೆ ರಿಸೈಜ್2ಎಫ್‌ಎಸ್, ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್.

ಸ್ನ್ಯಾಪ್‌ಶಾಟ್ (ಮಷೀನಿನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ಬಗ್ಗೆ ನೀವು ಕೇಳಿಲ್ಲ, ಆದರೆ ಕಿಟಕಿಯಲ್ಲಿ ಒಂದು ಗುಂಡಿ ಒತ್ತಿ ಮಾಡುತ್ತಿದ್ದದ್ದು ಟರ್ಮಿನಲ್‌ನಲ್ಲಿ ಬಹಳ ಅಪಾಯದ ಕೆಲಸವಾಗಬಲ್ಲದು. ಹೇಳದೆ ಬಿಡಲಾಗದು.

ವಿರ್ಶ್ ಸ್ನ್ಯಾಪ್‌ಶಾಟ್-ಕ್ರಿಯೇಟ್-ಆ್ಯಸ್ ವೆಬ್1 ಅಪ್‌ಗ್ರೇಡ್-ಮುಂಚೆ ಎಂದರೆ ಒಳಗಿನ ಸ್ನ್ಯಾಪ್‌ಶಾಟ್. ಎಲ್ಲವೂ ಅದೇ ಕ್ಯೂಕೌ2 ಫೈಲಿನ ಒಳಗೇ ಉಳಿಯುತ್ತದೆ. ಓಡುತ್ತಿರುವ ಮಷೀನಾದರೆ ಮೆಮೊರಿಯೂ ಸೇರುತ್ತದೆ, ಅದು ಬರೆದು ಮುಗಿಯುವವರೆಗೆ ಮಷೀನ್ ನಿಂತಿರುತ್ತದೆ. 8 ಗಿಬಿಬೈಟ್ ಮೆಮೊರಿ ತುಂಬಿದ್ದರೆ ಈ ನಿಲುಗಡೆ ಬಳಕೆದಾರರ ಅರಿವಿಗೆ ಬರುತ್ತದೆ. ಆ ಸ್ಥಿತಿಗೆ ಮರಳಬೇಕಾದರೆ ಸ್ನ್ಯಾಪ್‌ಶಾಟ್-ರಿವರ್ಟ್. ಪ್ಯಾಕೇಜ್ ಅಪ್‌ಗ್ರೇಡ್‌ಗೆ ಮುಂಚೆ ಮಷೀನ್ ಆರಿಸಿ ತೆಗೆದುಕೊಂಡರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದು ಬ್ಯಾಕಪ್ ಅಲ್ಲ, ಫೈಲ್ ಹೋದರೆ ಸ್ನ್ಯಾಪ್‌ಶಾಟೂ ಜೊತೆಗೇ ಹೋಯಿತು. ಯುಇಎಫ್‌ಐ ಮಷೀನ್‌ಗಳಿಗೆ ಹಳೆಯ ಲಿಬ್‌ವಿರ್ಟ್ ಆವೃತ್ತಿಗಳು ಇದನ್ನು ಬಿಡುವುದಿಲ್ಲ.

ಓಡುತ್ತಿರುವ ಮಷೀನಿನ ಬ್ಯಾಕಪ್‌ಗೆ ಹೊರಗಿನ ಸ್ನ್ಯಾಪ್‌ಶಾಟ್:

ವಿರ್ಶ್ ಸ್ನ್ಯಾಪ್‌ಶಾಟ್-ಕ್ರಿಯೇಟ್-ಆ್ಯಸ್ ವೆಬ್1 ತಾತ್ಕಾಲಿಕ --ಡಿಸ್ಕ್-ಓನ್ಲಿ --ಕ್ವಯಸ್ --ಅಟಾಮಿಕ್ --ನೋ-ಮೆಟಾಡೇಟಾ

ಆ ಕ್ಷಣದಿಂದ ಬರಹವೆಲ್ಲ ವೆಬ್1.ತಾತ್ಕಾಲಿಕ ಎಂಬ ಹೊಸ ಪದರಕ್ಕೆ ಹೋಗುತ್ತದೆ, ವೆಬ್1.ಕ್ಯೂಕೌ2 ಅಲುಗಾಡದೆ ನಿಲ್ಲುತ್ತದೆ, ಅದನ್ನು ನಿಶ್ಚಿಂತೆಯಿಂದ ನಕಲು ಮಾಡಬಹುದು. --ಕ್ವಯಸ್ ಇದ್ದರೆ ಗೆಸ್ಟ್ ಏಜೆಂಟ್ ಫೈಲ್‌ಸಿಸ್ಟಮ್‌ಗಳನ್ನು ಆ ಕ್ಷಣ ಶಾಂತವಾಗಿಸುತ್ತದೆ. ಏಜೆಂಟ್ ಇಲ್ಲದಿದ್ದರೆ ಕಮಾಂಡ್ ಸೋಲುತ್ತದೆ. ನಕಲಾದ ಮೇಲೆ ಹೊಸ ಪದರವನ್ನು ಮತ್ತೆ ಕೆಳಕ್ಕೆ ಬೆರೆಸಬೇಕು:

ವಿರ್ಶ್ ಬ್ಲಾಕ್‌ಕಮಿಟ್ ವೆಬ್1 ವಿಡಿಎ --ಆ್ಯಕ್ಟಿವ್ --ಪಿವಟ್ --ಶಾಲೋ --ವರ್ಬೋಸ್

ಇದರಲ್ಲಿ --ಶಾಲೋ ಬಿಡಲೇಬಾರದು. ಅದಿಲ್ಲದಿದ್ದರೆ ಬ್ಲಾಕ್‌ಕಮಿಟ್ ಸರಪಳಿಯ ತಳದವರೆಗೆ ಎಲ್ಲವನ್ನೂ ಬೆರೆಸಲು ಹೊರಡುತ್ತದೆ. ನಿಮ್ಮ ಸರಪಳಿಯ ತಳದಲ್ಲಿ ಇರುವುದು ಎಲ್ಲ ಮಷೀನ್‌ಗಳೂ ಹಂಚಿಕೊಂಡ ಮೂಲ ಇಮೇಜ್! ವೆಬ್1ರ ಬರಹ ಅಲ್ಲಿಗೆ ಇಳಿದರೆ ಉಳಿದ ಮಷೀನ್‌ಗಳೆಲ್ಲ ಒಟ್ಟಿಗೆ ಕೆಡುತ್ತವೆ. ಅಂತರ್ಜಾಲದಲ್ಲಿ ಸಿಗುವ ಬ್ಯಾಕಪ್ ಸ್ಕ್ರಿಪ್ಟ್‌ಗಳಲ್ಲಿ ಅನೇಕವು ಪದರಗಳಿಲ್ಲದ ಡಿಸ್ಕನ್ನು ಮನಸ್ಸಿನಲ್ಲಿಟ್ಟು ಬರೆದವು, --ಶಾಲೋ ಇರುವುದಿಲ್ಲ. ಹಾಗೇ ನಕಲಿಸಿ ಓಡಿಸಬೇಡಿ. --ಶಾಲೋ ಇದ್ದರೆ ಒಂದೇ ಮೆಟ್ಟಿಲು ಕೆಳಕ್ಕೆ ಬೆರೆಯುತ್ತದೆ. ಮುಗಿದ ಮೇಲೆ ಡಾಮ್‌ಬಿಎಲ್‌ಕೆಲಿಸ್ಟ್‌ನಲ್ಲಿ ಮತ್ತೆ ವೆಬ್1.ಕ್ಯೂಕೌ2 ಕಾಣಬೇಕು, ಕಂಡ ಮೇಲಷ್ಟೇ ತಾತ್ಕಾಲಿಕ ಫೈಲನ್ನು ಅಳಿಸಿ. ಬ್ಯಾಕಪ್‌ನಲ್ಲಿ ವೆಬ್1.ಕ್ಯೂಕೌ2 ಒಂದೇ ಸಾಲದು, ಮೂಲ ಇಮೇಜಿನ ಒಂದು ಪ್ರತಿಯೂ ಇರಬೇಕು, ಪದರ ಮಾತ್ರ ಇದ್ದರೆ ಮಷೀನ್ ಏಳುವುದಿಲ್ಲ.

ಮಷೀನ್‌ಗಳನ್ನು ಮಾಡಿಕೊಡುವ ವೇಗ್ರಂಟ್ ಅಥವಾ ಮಲ್ಟಿಪಾಸ್ ಸಾಧನ ಬಳಸಬಾರದೇ ಎಂಬ ಯೋಚನೆಯೂ ನಿಮಗೆ ಬಂದಿರಬಹುದು. ಲ್ಯಾಪ್‌ಟಾಪ್‌ನಲ್ಲಿ ಮಷೀನ್ ಮಾಡಿ, ಬಳಸಿ, ಬಿಸಾಡುವವರಿಗೆ ಅವು ಚೆನ್ನಾಗಿವೆ. ಆದರೆ ನಿಮ್ಮ ಬಳಿ ಈಗಾಗಲೇ ಓಡುತ್ತಿರುವ ಮಷೀನ್‌ಗಳಿವೆ, ತಾವು ಹುಟ್ಟಿಸದ ಮಷೀನನ್ನು ಅವು ನೋಡಿಕೊಳ್ಳುವುದಿಲ್ಲ. ಮೇಲಿನ ವಿರ್ಟ್-ಇನ್‌ಸ್ಟಾಲ್ ಸಾಲನ್ನು ಹೆಸರು ಮಾತ್ರ ಬದಲಾಗುವಂತೆ ಒಂದು ಶೆಲ್ ಫಂಕ್ಷನ್ ಮಾಡಿಕೊಂಡರೆ ಅವು ಕೊಡುವ ಅನುಕೂಲದ ಬಹುಪಾಲು ಇಲ್ಲೇ ಸಿಗುತ್ತದೆ. ಎಲ್ಲ ಮಷೀನ್‌ಗಳ ಮೇಲೂ ಒಂದೇ ಕೆಲಸ ಮಾಡಬೇಕಾದಾಗ ವಿರ್ಶ್ ಲಿಸ್ಟ್ --ಆಲ್ --ನೇಮ್ ಬಳಸಿ. ತಲೆಬರಹ, ಗೆರೆ ಏನೂ ಇಲ್ಲದೆ ಹೆಸರುಗಳಷ್ಟೇ ಬರುವುದರಿಂದ ನೇರವಾಗಿ ಲೂಪ್‌ಗೆ ಕೊಡಬಹುದು.

ಉಳಿದದ್ದು ಸರ್ವರ್ ರೀಬೂಟ್. ತಾನಾಗಿ ಏಳಬೇಕಾದ ಮಷೀನ್‌ಗಳಿಗೆ ವಿರ್ಶ್ ಆಟೊಸ್ಟಾರ್ಟ್ ವೆಬ್1, ನೆಟ್‌ವರ್ಕಿಗೆ ವಿರ್ಶ್ ನೆಟ್-ಆಟೊಸ್ಟಾರ್ಟ್ ಡಿಫಾಲ್ಟ್. ಎರಡನೆಯದನ್ನು ಮರೆತರೆ ಡಿಫಾಲ್ಟ್ ನೆಟ್‌ವರ್ಕ್ ಸಕ್ರಿಯವಾಗಿಲ್ಲ ಎಂಬ ದೋಷ ಬಂದು ಮಷೀನ್‌ಗಳೂ ಏಳುವುದಿಲ್ಲ. ಸರ್ವರ್ ಆರುವಾಗ ಮಷೀನ್‌ಗಳನ್ನು ಏನು ಮಾಡಬೇಕು ಎಂಬುದು ಲಿಬ್‌ವಿರ್ಟ್-ಗೆಸ್ಟ್ಸ್ ಸೇವೆಯ ಕೈಯಲ್ಲಿದೆ. ಅದರ ಸೆಟ್ಟಿಂಗ್ ಫೈಲ್ ಡೆಬಿಯನ್ ಬಳಗದಲ್ಲಿ /ಇಟಿಸಿ/ಡಿಫಾಲ್ಟ್ ಅಡಿ, ಫೆಡೋರಾ ಬಳಗದಲ್ಲಿ /ಇಟಿಸಿ/ಸಿಸ್‌ಕಾನ್ಫಿಗ್ ಅಡಿ ಇರುತ್ತದೆ. ಅದರೊಳಗಿನ ಸೆಟ್ಟಿಂಗ್‌ಗಳ ಹೆಸರು ಪೂರ್ತಿ ದೊಡ್ಡಕ್ಷರ. ಆನ್_ಶಟ್‌ಡೌನ್ ಬೆಲೆ ಸಸ್ಪೆಂಡ್ ಎಂದಿದ್ದರೆ ಮೆಮೊರಿಯನ್ನು ಡಿಸ್ಕಿಗೆ ಬರೆದು ನಿಲ್ಲಿಸುತ್ತದೆ, ಎದ್ದಾಗ ಮಷೀನಿನ ಗಡಿಯಾರ ಹಿಂದೆ ಬಿದ್ದಿರಬಹುದು. ಡೇಟಾಬೇಸ್ ನಡೆಸುವ ಮಷೀನ್‌ಗಳಿದ್ದರೆ ಶಟ್‌ಡೌನ್ ಎಂದು ಬದಲಾಯಿಸಿ. ಮಾಮೂಲಿಯಾಗಿ ಒಂದಾದ ಮೇಲೊಂದು ಆರುತ್ತವೆ, ಶಟ್‌ಡೌನ್_ಟೈಮೌಟ್ ಪ್ರತಿಯೊಂದಕ್ಕೂ ಪ್ರತ್ಯೇಕ. ಪ್ಯಾರಲಲ್_ಶಟ್‌ಡೌನ್‌ಗೆ ಸಂಖ್ಯೆ ಕೊಟ್ಟರೆ ಅಷ್ಟು ಮಷೀನ್ ಒಟ್ಟಿಗೆ ಆರುತ್ತವೆ, ಆದರೆ ಆಗ ಟೈಮೌಟ್ ಎಲ್ಲಕ್ಕೂ ಸೇರಿ ಒಂದೇ. ಎಂಟು ಮಷೀನ್‌ಗಳಿಗೆ ಆ ಸಂಖ್ಯೆಯನ್ನು 4, ಟೈಮೌಟನ್ನು 300 ಸೆಕೆಂಡ್ ಇಟ್ಟು, ಕೆಲಸವಿಲ್ಲದ ಹೊತ್ತಿನಲ್ಲಿ ಒಮ್ಮೆ ಸರ್ವರ್ ರೀಬೂಟ್ ಮಾಡಿ, ಪ್ರತಿ ಮಷೀನಿನ ಲಾಗ್‌ನಲ್ಲಿ ಅದು ಸರಿಯಾಗಿ ಆರಿದೆಯೇ ಎಂದು ನೋಡಿಕೊಳ್ಳಿ.